ಬೆಟ್ಟದ ಬೆಂಕಿ ಮತ್ತು ಅಚ್ಚಾದ ಮಾತಿನ ಹೊಣೆ

2019ರ ಫೆಬ್ರುವರಿ ಕೊನೆಯ ವಾರ ಬಂಡೀಪುರದ ಕಾಡು ಹೊತ್ತಿ ಉರಿಯಿತು. ಬೆಂಕಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ವಲಯಕ್ಕೂ ನುಗ್ಗಿತು. ಸಮುದ್ರಮಟ್ಟದಿಂದ 1,454 ಮೀಟರ್ ಎತ್ತರದ ಆ ಬೆಟ್ಟದ ಹುಲ್ಲುಗಾವಲು ಇಳಿಜಾರುಗಳು ಕಪ್ಪಾದವು. ಕೊನೆಗೆ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಂದು ಮೇಲಿನಿಂದ ನೀರು ಸುರಿದವು. ಅದೇ ದಿನಗಳಲ್ಲಿ ಇನ್ನೊಂದು ಬೆಂಕಿ ಮೊಬೈಲ್‌ನಿಂದ ಮೊಬೈಲ್‌ಗೆ ಹಬ್ಬುತ್ತಿತ್ತು. ಸುಟ್ಟು ಕರಕಲಾದ ಪ್ರಾಣಿಗಳ, ಮರಿಯನ್ನು ತಬ್ಬಿ ಕೂತ ತಾಯಂದಿರ ಚಿತ್ರಗಳು ‘ಬಂಡೀಪುರ ಉಳಿಸಿ’ ಎಂಬ ಸಾಲಿನೊಂದಿಗೆ ಲಕ್ಷಾಂತರ ಜನರನ್ನು ತಲುಪಿದವು. ಅವುಗಳಲ್ಲಿ ಹಲವು ಬಂಡೀಪುರದವೇ ಅಲ್ಲ, ಬೇರೆ ನಾಡಿನ, ಬೇರೆ ವರ್ಷದ ಚಿತ್ರಗಳು. ಕಳಿಸಿದವರಲ್ಲಿ ಹೆಚ್ಚಿನವರಿಗೆ ಕೆಟ್ಟ ಉದ್ದೇಶವಿರಲಿಲ್ಲ, ಕಾಡಿನ ಮೇಲೆ ಮಮತೆಯೇ ಇತ್ತು. ಆದರೆ ಆ ಚಿತ್ರಗಳನ್ನು ಮೊದಲು ಯಾರು ಹರಿಬಿಟ್ಟರು, ಸುಳ್ಳೆಂದು ತಿಳಿದ ಮೇಲೆ ಯಾರು ವಾಪಸ್ ಪಡೆದರು ಎಂಬ ಪ್ರಶ್ನೆಗೆ ಇವತ್ತಿಗೂ ಉತ್ತರವಿಲ್ಲ. ಕೇಳಲು ಒಂದು ವಿಳಾಸವೂ ಇಲ್ಲ.

ಆ ವಾರದ ಪತ್ರಿಕೆಗಳಲ್ಲಿ ತಪ್ಪುಗಳಿರಲಿಲ್ಲವೆಂದಲ್ಲ. ಸುಟ್ಟ ಕಾಡಿನ ವಿಸ್ತೀರ್ಣ ಎಷ್ಟು ಎಂಬುದರಲ್ಲಿ ಮೊದಲ ದಿನಗಳಲ್ಲಿ ಒಂದೊಂದು ವರದಿಯದು ಒಂದೊಂದು ಲೆಕ್ಕ. ಉಪಗ್ರಹ ಚಿತ್ರಗಳ ಆಧಾರದಲ್ಲಿ ಸುಮಾರು 4,400 ಹೆಕ್ಟೇರ್, ಅಂದರೆ ಹತ್ತು ಸಾವಿರ ಎಕರೆಗೂ ಹೆಚ್ಚು ಎಂಬ ಅಂಕಿ ಬಂದದ್ದು ಆಮೇಲೆ. ಆದರೆ ಪತ್ರಿಕೆಗಳಲ್ಲಿ ಇನ್ನೊಂದು ಬಗೆಯ ಪ್ರಶ್ನೆಯೂ ಇತ್ತು. ಬೇಸಿಗೆಗೆ ಮೊದಲೇ ಬೆಂಕಿ ರೇಖೆ ಮಾಡಬೇಕಿತ್ತಲ್ಲ, ಸರಿಯಾಗಿ ಮಾಡಿದ್ದರೇ? ಬೆಂಕಿ ಕಾವಲಿಗೆ ಸಾಕಷ್ಟು ಜನರಿದ್ದರೇ? ಕಾಡಿನ ಒಳಗೆಲ್ಲ ಹೆಣೆದುಕೊಂಡು ಒಣಗಿ ನಿಂತ ಲಂಟಾನಕ್ಕೆ ಯಾರು ಹೊಣೆ? ಮನ ಕಲಕುವ ಚಿತ್ರ ಒಂದು ಗಳಿಗೆ ಕಣ್ಣೀರು ತರಿಸುತ್ತದೆ. ಬೆಂಕಿ ರೇಖೆಯ ಪ್ರಶ್ನೆಯಿಂದ ಕಣ್ಣೀರು ಬರುವುದಿಲ್ಲ, ಆದರೆ ಮುಂದಿನ ಬೇಸಿಗೆಗೆ ಮುನ್ನ ಇಲಾಖೆಯನ್ನು ಕೆಲಸಕ್ಕೆ ಹಚ್ಚುವುದು ಅದೇ. ಡಿಜಿಟಲ್ ಕಾಲದಲ್ಲಿ ಅಚ್ಚಾದ ಪತ್ರಿಕೆಗೆ ಬೆಲೆ ಏನುಳಿದಿದೆ ಎಂಬ ಚರ್ಚೆ ಬಂದಾಗಲೆಲ್ಲ ಬೆಳಗಿನ ಕಾಫಿ, ಕಾಗದದ ಘಮ, ಹಿರಿಯರ ಅಭ್ಯಾಸ ಎಂಬಲ್ಲಿಗೆ ಮಾತು ಜಾರಿಬಿಡುತ್ತದೆ. ಅಷ್ಟೇ ಆಗಿದ್ದರೆ ಒಂದು ತಲೆಮಾರು ಕಳೆದ ಮೇಲೆ ಪತ್ರಿಕೆ ನಿಂತರೂ ನಷ್ಟವಿರಲಿಲ್ಲ. ನನ್ನ ವಾದ ಬೇರೆ. ಅಚ್ಚಾದ ಪುಟ ತಾನು ಹೇಳಿದ ಮಾತಿಗೆ ಸಿಕ್ಕಿಬಿದ್ದಿರುತ್ತದೆ. ಹಾಗೆ ಸಿಕ್ಕಿಬಿದ್ದಿರುವುದೇ ಅದರ ಬೆಲೆ. ಬಂಡೀಪುರದ ಅಂಚಿನ ಗುಂಡ್ಲುಪೇಟೆಯಂಥ ತಾಲ್ಲೂಕಿಗೆ ಆ ಬೆಲೆ ಬೆಂಗಳೂರಿಗಿಂತ ಹೆಚ್ಚು.

ಯಾವುದೇ ಕನ್ನಡ ದಿನಪತ್ರಿಕೆ ತೆಗೆದು ಅದರ ಒಂದು ಪುಟದ ತಳ ನೋಡಿ. ಇರುವೆ ಸಾಲಿನಂಥ ಸಣ್ಣ ಅಕ್ಷರಗಳಲ್ಲಿ ಒಂದೆರಡು ಸಾಲು ಇರುತ್ತದೆ. ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಯಾವ ಊರಿನ ಯಾವ ಮುದ್ರಣಾಲಯದಲ್ಲಿ ಅಚ್ಚಾಯಿತು ಎಂಬುದೆಲ್ಲ ಅಲ್ಲಿರುತ್ತದೆ. ನೂರಕ್ಕೆ ತೊಂಬತ್ತು ಓದುಗರು ಅದನ್ನು ಓದುವುದಿಲ್ಲ. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಕಾಲದಿಂದ ಬಂದ ಕಟ್ಟಳೆ ಅದು. ಈಗ ಆ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದಿದೆ. ಬ್ರಿಟಿಷರು ಆ ಕಟ್ಟಳೆ ತಂದದ್ದು ಪತ್ರಿಕೆಗಳ ಮೇಲೆ ಕಣ್ಣಿಡಲು. ಆದರೆ ಆಳುವವರ ಅನುಕೂಲಕ್ಕೆ ಹುಟ್ಟಿದ ಆ ಸಾಲು ಕ್ರಮೇಣ ಓದುಗನ ಹಕ್ಕಾಯಿತು. ಗುಂಡ್ಲುಪೇಟೆಯ ಒಬ್ಬ ರೈತನ ಹೆಸರು ತಪ್ಪಾಗಿ ಅಚ್ಚಾದರೆ ಅವನು ನೋಟಿಸ್ ಕಳಿಸಬಹುದು, ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಬಹುದು, ನ್ಯಾಯಾಲಯಕ್ಕೆ ಹೋಗಬಹುದು. ಸಾಕ್ಷಿಯಾಗಿ ಆ ದಿನದ ಪೇಪರ್ ಅವನ ಕೈಯಲ್ಲೇ ಇರುತ್ತದೆ. ರಾತ್ರೋರಾತ್ರಿ ಯಾರೂ ಅದರ ತಲೆಬರಹ ಬದಲಿಸಲಾರರು. ಪತ್ರಿಕಾಲಯದ ಡೆಸ್ಕ್‌ನಲ್ಲಿ ಕೂತವರಿಗೂ ಇದು ಗೊತ್ತು. ಪುಟ ಮುದ್ರಣಕ್ಕೆ ಹೋದ ಮೇಲೆ ತಿದ್ದಲು ಬಾರದು ಎಂಬ ಭಯವೇ ‘ಇನ್ನೊಂದು ಸಲ ಫೋನ್ ಮಾಡಿ ಖಚಿತಪಡಿಸಿಕೋ’ ಎಂದು ವರದಿಗಾರನಿಗೆ ಹೇಳಿಸುತ್ತದೆ. ಪತ್ರಿಕೆಯವರು ಹುಟ್ಟಾ ಸತ್ಯವಂತರು ಎಂದು ನಾನು ಹೇಳುತ್ತಿಲ್ಲ. ಸುಳ್ಳು ಹೇಳಿದರೆ ಬೆಲೆ ತೆರಬೇಕಾದ ಜಾಗದಲ್ಲಿ ಅವರನ್ನು ಕೂರಿಸಲಾಗಿದೆ, ಅಷ್ಟೆ.

2019ರ ಆ ಸುಳ್ಳು ಚಿತ್ರಗಳ ಬಣ್ಣ ಬಯಲು ಮಾಡಿದ್ದೂ ಡಿಜಿಟಲ್ ತಾಣಗಳೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಹೌದು ಎನ್ನಬೇಕು. ಸತ್ಯಶೋಧನೆ ಮಾಡುವ ತಾಣಗಳು ಆ ಕೆಲಸವನ್ನು ಚೆನ್ನಾಗಿಯೇ ಮಾಡಿದವು. ತೊಡಕಿರುವುದು ತಿದ್ದುಪಡಿ ಹೋಗುವ ದಾರಿಯಲ್ಲಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುಳ್ಳು ಚಿತ್ರ ನೋಡಿದವರು ಸತ್ಯಶೋಧನೆಯ ಪುಟ ತೆರೆಯುತ್ತಾರೆಂಬ ಭರವಸೆ ಇಲ್ಲ. ಒಂದು ಹೋದ ದಾರಿಯಲ್ಲಿ ಇನ್ನೊಂದು ಹೋಗುವುದಿಲ್ಲ. ಪತ್ರಿಕೆಯಲ್ಲಿ ನಿನ್ನೆ ತಪ್ಪು ಓದಿದ ಮನೆಗೇ, ನಿನ್ನೆ ಪೇಪರ್ ಹಾಕಿದ ಹುಡುಗನೇ ಇವತ್ತು ತಿದ್ದುಪಡಿಯನ್ನೂ ತಂದು ಹಾಕುತ್ತಾನೆ. ಮೂಲೆಯಲ್ಲಿ, ಸಣ್ಣದಾಗಿ ಇರಬಹುದು. ಅದು ದೊಡ್ಡದಾಗಿರಬೇಕು ಎಂದು ಜಗಳ ಮಾಡುವ ಹಕ್ಕು ನಮಗಿದೆ, ಜಗಳ ಮಾಡಬೇಕು ಕೂಡ.

ಇನ್ನು ಜಿಲ್ಲಾ ಪುಟದ ವಿಷಯ. ಮುದ್ರಿತ ಪತ್ರಿಕೆಯ ನಿಜವಾದ ಕಸುಬು ಕಾಣಿಸುವುದು ಮುಖಪುಟದಲ್ಲಲ್ಲ, ಅಲ್ಲಿ. ಪ್ರಧಾನಿಯ ಭಾಷಣ, ಕ್ರಿಕೆಟ್ ಸ್ಕೋರು, ಸಿನಿಮಾ ತಾರೆಯ ಮದುವೆ ಇವೆಲ್ಲ ಪೇಪರ್ ಇಲ್ಲದಿದ್ದರೂ ಸಿಗುತ್ತವೆ, ಹಿಂದಿನ ದಿನವೇ ಸಿಕ್ಕಿರುತ್ತವೆ. ಆದರೆ ಗುಂಡ್ಲುಪೇಟೆ ಪುರಸಭೆಯ ಸಭೆಯಲ್ಲಿ ಯಾವ ಟೆಂಡರ್‌ಗೆ ಒಪ್ಪಿಗೆ ಸಿಕ್ಕಿತು, ಹಂಗಳದ ಕಡೆ ಆನೆ ದಾಟಿ ಬೆಳೆ ತುಳಿದ ಮೇಲೆ ಪರಿಹಾರದ ಅರ್ಜಿ ಎಲ್ಲಿ ಕುಳಿತಿದೆ, ಚೆಂಡು ಹೂವಿಗೆ ಕಾರ್ಖಾನೆಯವರು ಈ ಸಲ ಎಷ್ಟು ಕೊಡುತ್ತಿದ್ದಾರೆ, ಸಣ್ಣ ಈರುಳ್ಳಿ ದರ ಏಕೆ ಬಿತ್ತು ಎಂಬುದನ್ನು ಸಂಬಳಕ್ಕೋ ಗೌರವಧನಕ್ಕೋ ದಿನವೂ ಹೋಗಿ ಕೇಳಿ ಬರೆಯುವ ಒಬ್ಬ ಮನುಷ್ಯ ಬೇಕು. ಅವನನ್ನು ಅಲ್ಲಿ ಕೂರಿಸಿರುವುದು ಮುದ್ರಣದ ಲೆಕ್ಕಾಚಾರ. ಜಿಲ್ಲಾ ಆವೃತ್ತಿ ಇದ್ದರೆ ಆ ಜಿಲ್ಲೆಯ ಜವಳಿ ಅಂಗಡಿ, ಕಾಲೇಜು, ಆಸ್ಪತ್ರೆ ಜಾಹೀರಾತು ಕೊಡುತ್ತವೆ. ಜಾಹೀರಾತು ಬಂದರೆ ಪುಟ ಉಳಿಯುತ್ತದೆ, ಪುಟ ತುಂಬಲು ತಾಲ್ಲೂಕಿಗೊಬ್ಬ ವರದಿಗಾರ ಬೇಕಾಗುತ್ತಾನೆ. ಮೊಬೈಲ್‌ನ ಆದಾಯ ಬರುವುದು ಎಷ್ಟು ಜನ ಒತ್ತಿ ನೋಡಿದರು ಎಂಬುದರ ಮೇಲೆ. ಆನೆ ಯಾರನ್ನಾದರೂ ಅಟ್ಟಿಸಿಕೊಂಡು ಹೋದ ವಿಡಿಯೊಗೆ ಅಲ್ಲಿ ಲಕ್ಷಗಟ್ಟಲೆ ನೋಟ. ಬೆಳೆ ಪರಿಹಾರದ ಅರ್ಜಿ ಎಂಟು ತಿಂಗಳಿಂದ ಕೂತಿದೆ ಎಂಬ ಸುದ್ದಿಗೆ ಇಡೀ ರಾಜ್ಯದಲ್ಲಿ ಮುನ್ನೂರು ಓದುಗರೂ ಇರಲಿಕ್ಕಿಲ್ಲ. ಆ ಮುನ್ನೂರು ಜನರಿಗೆ ಅದು ಜೀವನದ ಪ್ರಶ್ನೆ.

ಸ್ಥಳೀಯ ಪತ್ರಿಕೆ ಹೋದರೆ ಏನಾಗುತ್ತದೆ ಎಂಬುದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದಲ್ಲಿ 2005ರಿಂದೀಚೆಗೆ ಸಾವಿರಾರು ಸ್ಥಳೀಯ ಪತ್ರಿಕೆಗಳು ಮುಚ್ಚಿವೆ. ಅಲ್ಲಿನ ಮೂವರು ಅರ್ಥಶಾಸ್ತ್ರಜ್ಞರು 1996ರಿಂದ 2015ರವರೆಗಿನ ದಾಖಲೆ ತೆಗೆದು, ಪತ್ರಿಕೆ ಮುಚ್ಚಿದ ಊರುಗಳಲ್ಲಿ ಸ್ಥಳೀಯ ಆಡಳಿತ ತರುವ ಸಾಲದ ಮೇಲಿನ ಬಡ್ಡಿ ಏನಾಯಿತೆಂದು ನೋಡಿದರು. ಬಡ್ಡಿ ದರ 0.05ರಿಂದ 0.11 ಶೇಕಡಾ ಅಂಶದಷ್ಟು ಏರಿತ್ತು. ಕೇಳಲು ಚಿಲ್ಲರೆ ಅನಿಸಬಹುದು. ಕೋಟಿಗಟ್ಟಲೆ ಸಾಲದ ಮೇಲೆ, ಹತ್ತಾರು ವರ್ಷ ಜನರ ತೆರಿಗೆಯಿಂದ ಕಟ್ಟಬೇಕಾದ ಹಣ ಅದು. ಯಾರೂ ನೋಡುತ್ತಿಲ್ಲ ಎಂದು ಗೊತ್ತಾದ ಕೂಡಲೇ ಆಡಳಿತ ಸಡಿಲವಾಗುತ್ತದೆ ಎಂದು ಸಾಲ ಕೊಡುವವರೇ ಲೆಕ್ಕ ಹಾಕಿದ್ದರು. ನಮ್ಮ ಪುರಸಭೆಗಳು ಹಾಗೆ ಬಾಂಡ್ ಹೊರಡಿಸಿ ಸಾಲ ತರುವುದಿಲ್ಲವಾದ್ದರಿಂದ ಇದೇ ಅಳತೆ ಇಲ್ಲಿ ಹಿಡಿಯಲಾಗದು. ಆದರೆ ಕಾವಲು ತಪ್ಪಿದ ಕಡೆ ಏನಾಗುತ್ತದೆ ಎಂಬುದರಲ್ಲಿ ಅಮೆರಿಕದ ಊರಿಗೂ ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರಿಗೂ ವ್ಯತ್ಯಾಸವಿರಬೇಕೇಕೆ?

ಗುಂಡ್ಲುಪೇಟೆ ಸೇರಿರುವ ಚಾಮರಾಜನಗರ ಜಿಲ್ಲೆಗೇ ಇದರ ಅತಿ ನೋವಿನ ಪಾಠ ಆಗಿದೆ. ಕೋವಿಡ್ ಕಾಲದಲ್ಲಿ, 2021ರ ಮೇ 2ರ ರಾತ್ರಿಯಿಂದ ಮರುದಿನದೊಳಗೆ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ, ಉಳಿದವರಿಗೆ ಬೇರೆ ಕಾಯಿಲೆಗಳಿದ್ದವು ಎಂಬುದು ಆರಂಭದ ಅಧಿಕೃತ ಹೇಳಿಕೆ. ಹೈಕೋರ್ಟ್ ಸೂಚನೆಯಂತೆ ರಚನೆಯಾದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ನೇತೃತ್ವದ ಸಮಿತಿ ಆ ವಾದವನ್ನು ಒಪ್ಪಲಿಲ್ಲ. ಹೇಳಿಕೆಗೂ ಸಮಿತಿಯ ವರದಿಗೂ ನಡುವಿನ ದಿನಗಳಲ್ಲಿ ಆ ರಾತ್ರಿ ಮರೆತುಹೋಗದಂತೆ ನೋಡಿಕೊಂಡದ್ದು ಯಾರು? ಸತ್ತವರ ಮನೆಯವರು ಮೊದಲು, ಅವರ ಮಾತನ್ನು ಹೆಸರು ಮತ್ತು ಊರಿನ ಸಮೇತ ಬರೆದುಕೊಂಡ ಸ್ಥಳೀಯ ವರದಿಗಾರರು ಆಮೇಲೆ. ಅದೇ ಬೇಸಿಗೆಯಲ್ಲಿ ಗುಜರಾತಿನ ಪತ್ರಿಕೆಗಳು ಇನ್ನೂ ದೊಡ್ಡ ಕೆಲಸ ಮಾಡಿದವು. ‘ಸಂದೇಶ್’ ಪತ್ರಿಕೆ ಸ್ಮಶಾನಗಳಿಗೆ ವರದಿಗಾರರನ್ನು ಕಳಿಸಿ ಹೆಣಗಳನ್ನು ಎಣಿಸಿತು. ‘ದಿವ್ಯ ಭಾಸ್ಕರ್’ 2021ರ ಮಾರ್ಚ್ 1ರಿಂದ ಮೇ 10ರವರೆಗೆ ರಾಜ್ಯದಲ್ಲಿ ಸುಮಾರು 1.23 ಲಕ್ಷ ಮರಣ ಪತ್ರಗಳು ಕೊಡಲ್ಪಟ್ಟಿವೆ, ಹಿಂದಿನ ವರ್ಷ ಅದೇ ಅವಧಿಯಲ್ಲಿ ಅವು 58 ಸಾವಿರ ಮಾತ್ರ, ಸರ್ಕಾರ ಹೇಳುವ ಕೋವಿಡ್ ಸಾವು 4,218 ಎಂದು ಪಕ್ಕಪಕ್ಕ ಇಟ್ಟು ತೋರಿಸಿತು. ಮೊಬೈಲ್‌ನಲ್ಲಿ ಆ ದಿನಗಳಲ್ಲಿ ಹೆಣಗಳ ಚಿತ್ರಗಳಿಗೆ ಬರವಿರಲಿಲ್ಲ. ಎಣಿಸಿದವರು ಪತ್ರಿಕೆಯವರು.

ಒಂದು ಸುದ್ದಿಯನ್ನು ಹದಿನೈದು ವರ್ಷ ಬಿಡದೆ ಹಿಡಿದುಕೊಳ್ಳುವುದೂ ಅಷ್ಟೇ ಮುಖ್ಯ. ಬಂಡೀಪುರದ ಮೂಲಕ ಕೇರಳ ಮತ್ತು ಊಟಿಗೆ ಹೋಗುವ ಎರಡು ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿ ಜಿಲ್ಲಾಡಳಿತ ಆದೇಶ ಹೊರಡಿಸಿದ್ದು 2009ರಲ್ಲಿ. ಹೈಕೋರ್ಟ್ 2010ರಲ್ಲಿ ಅದನ್ನು ಎತ್ತಿಹಿಡಿಯಿತು. ಕೇರಳ ಸರ್ಕಾರ ಸುಪ್ರೀಂ ಕೋರ್ಟ್‌ಗೆ ಹೋಯಿತು. 2019ರಲ್ಲಿ ವಯನಾಡಿನಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ಇದರ ನಡುವೆ ‘ನಿಷೇಧ ತೆರವಾಗಿದೆ’ ಅಥವಾ ‘ಹಗಲೂ ಬಂದ್ ಮಾಡುತ್ತಾರಂತೆ’ ಎಂಬ ಸಂದೇಶಗಳು ಎಷ್ಟು ಸಲ ಹರಿದಾಡಿವೆಯೋ. ತರಕಾರಿ ಲಾರಿಯವನಿಗೆ, ಮದ್ದೂರು ಚೆಕ್‌ಪೋಸ್ಟ್ ಬಳಿ ಅಂಗಡಿ ಇಟ್ಟವನಿಗೆ, ಕಾಡಿನ ಪರವಾಗಿ ಹೋರಾಡುವವನಿಗೆ ಬೇಕಾದ್ದು ಆದೇಶ ಯಾವ ದಿನದ್ದು, ಯಾರು ಹೊರಡಿಸಿದ್ದು, ಈಗ ಯಾವ ನ್ಯಾಯಾಲಯದಲ್ಲಿದೆ ಎಂಬ ಮೂರು ಉತ್ತರ. ಮೊಬೈಲ್ ಪರದೆಯಲ್ಲಿ ನಿನ್ನೆಯದು ಕೆಳಗೆ ಸರಿದುಹೋಗುತ್ತದೆ, ಹಿಂದಿನ ವರ್ಷದ್ದು ಇಂದಿನದರಂತೆ ಮೇಲೆ ಬರುತ್ತದೆ. ಪತ್ರಿಕೆಯ ಪ್ರತಿ ಪುಟದ ನೆತ್ತಿಯ ಮೇಲೆ ತಾರೀಕು ಇರುತ್ತದೆ ಎಂಬ ಸರಳ ಸಂಗತಿಯ ಮಹತ್ವ ಇಂಥಲ್ಲಿ ತಿಳಿಯುತ್ತದೆ.

ಕಾನೂನಿಗೂ ಇದು ಗೊತ್ತಿದೆ. 2013ರ ಭೂಸ್ವಾಧೀನ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ನಿಮ್ಮ ಜಮೀನನ್ನು ಸರ್ಕಾರ ವಶಪಡಿಸಿಕೊಳ್ಳಬೇಕಾದರೆ ಅಧಿಸೂಚನೆಯನ್ನು ಆ ಪ್ರದೇಶದಲ್ಲಿ ಪ್ರಸಾರವಿರುವ ಎರಡು ದಿನಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅವುಗಳಲ್ಲಿ ಒಂದು ಆಯಾ ಪ್ರದೇಶದ ಭಾಷೆಯದಾಗಿರಬೇಕು. ಪರಿಸರ ಪರಿಣಾಮ ಕುರಿತ ಸಾರ್ವಜನಿಕ ವಿಚಾರಣೆಗೂ 2006ರ ನಿಯಮದಂತೆ ಪತ್ರಿಕಾ ಪ್ರಕಟಣೆ, ಕನಿಷ್ಠ 30 ದಿನಗಳ ಕಾಲಾವಕಾಶ ಬೇಕು. ವೆಬ್‌ಸೈಟಿಗೆ ಹಾಕಿದರೆ ಸಾಕೆಂದು ಕಾನೂನು ಮಾಡಿದವರು ಬಿಡಲಿಲ್ಲ. ವೆಬ್‌ಸೈಟಿನಲ್ಲಿ ಹುಡುಕಬೇಕಾದರೆ ಏನು ಹುಡುಕಬೇಕೆಂದು ಮೊದಲೇ ಗೊತ್ತಿರಬೇಕು. ಬಂಡೀಪುರದ ಸುತ್ತ 2012ರ ಅಕ್ಟೋಬರ್‌ನಲ್ಲಿ ಪರಿಸರ ಸೂಕ್ಷ್ಮ ವಲಯ ಘೋಷಣೆಯಾದಾಗ ನೂರಕ್ಕೂ ಹೆಚ್ಚು ಹಳ್ಳಿಗಳ ಜನರ ಕಟ್ಟಡ, ಕಲ್ಲು ಗಣಿ, ರೆಸಾರ್ಟ್, ಜಮೀನು ಬಳಕೆಗೆಲ್ಲ ಅದು ತಟ್ಟಿತು. ತನ್ನ ಸರ್ವೆ ನಂಬರು ಪಟ್ಟಿಗೆ ಸೇರಿದೆ ಎಂದು ಊಹಿಸಿಯೂ ಇರದವನ ಕಣ್ಣಿಗೆ ಇಂಥ ಪ್ರಕಟಣೆ ಬೀಳುವುದು ಚಹಾ ಅಂಗಡಿಯ ಬೆಂಚಿನ ಮೇಲೆ, ಬೇರೆ ಏನನ್ನೋ ಓದುತ್ತ ಪುಟ ತಿರುಗಿಸುವಾಗ. ಹುಡುಕದೆಯೇ ಎದುರಾಗುವ ಸುದ್ದಿಯನ್ನು ಮೊಬೈಲ್ ನಮಗೆ ಕೊಡುವುದು ಅಪರೂಪ. ನಾವು ನಿನ್ನೆ ನೋಡಿದ್ದರ ತಮ್ಮನನ್ನೇ ಅದು ಇವತ್ತೂ ತೋರಿಸುತ್ತದೆ.

ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಪತ್ರಿಕೆಗಳೇ ಮಾರಿಕೊಂಡಿವೆ ಎಂಬುದು. ತಳ್ಳಿಹಾಕುವ ಮಾತಲ್ಲ. 2009ರ ಚುನಾವಣೆಗಳ ನಂತರ ಕಾಸಿಗಾಗಿ ಸುದ್ದಿಯ ಹಾವಳಿಯನ್ನು ಪತ್ರಕರ್ತ ಪಿ. ಸಾಯಿನಾಥ್ ಬಯಲಿಗೆಳೆದರು, ಪ್ರೆಸ್ ಕೌನ್ಸಿಲ್ ಉಪಸಮಿತಿಯೇ ತನಿಖೆ ಮಾಡಿ ಹೆಸರುಗಳ ಸಮೇತ ವರದಿ ಕೊಟ್ಟಿತು. ಆ ವರದಿಯನ್ನು ಪೂರ್ತಿಯಾಗಿ ಹೊರಗೆ ಬಿಡಲು ಕೌನ್ಸಿಲ್ ಹಿಂದೇಟು ಹಾಕಿದ್ದೂ ನಿಜ. ಜಾಹೀರಾತು ತರುವ ಭಾರವನ್ನು ಅರೆಕಾಲಿಕ ವರದಿಗಾರನ ಹೆಗಲಿಗೇ ಹಾಕುವ ಪದ್ಧತಿ ಇವತ್ತಿಗೂ ಇದೆ. ಯಾರನ್ನು ಪ್ರಶ್ನಿಸಬೇಕೋ ಅವರ ಬಳಿಯೇ ಜಾಹೀರಾತು ಕೇಳುವ ಸ್ಥಿತಿಗೆ ಅವನನ್ನು ತಂದಿಟ್ಟಿರುವುದು ಅನ್ಯಾಯ. ಆದರೂ ಒಂದು ಮಾತಿದೆ. ಕಾಸಿಗಾಗಿ ಸುದ್ದಿಯ ತನಿಖೆ ಸಾಧ್ಯವಾದದ್ದೇ ಪುಟಗಳು ಉಳಿದಿದ್ದರಿಂದ. ಒಂದೇ ಅಭ್ಯರ್ಥಿಯ ಹೊಗಳಿಕೆ ಅಕ್ಷರಕ್ಕೆ ಅಕ್ಷರ ಬೇರೆ ಬೇರೆ ಪತ್ರಿಕೆಗಳಲ್ಲಿ ಬಂದದ್ದನ್ನು ಮೇಜಿನ ಮೇಲೆ ಹರಡಿ ಹೋಲಿಸಬಹುದಿತ್ತು. ಈಗ ಚುನಾವಣೆ ಬಂದರೆ ನಿಮ್ಮ ಮೊಬೈಲ್‌ಗೆ ಒಂದು ಸಂದೇಶ, ನಿಮ್ಮ ನೆರೆಯವರ ಮೊಬೈಲ್‌ಗೆ ಇನ್ನೊಂದು. ಹೋಲಿಸಲು ಸಾರ್ವಜನಿಕ ಪ್ರತಿಯೇ ಇಲ್ಲ.

ಕಾಗದಕ್ಕಾಗಿ ಮರ ಕಡಿಯುವುದು ಬೇಡ, ಇ-ಪೇಪರ್ ಸಾಕು ಎನ್ನುವವರಿಗೂ ಉತ್ತರಿಸಬೇಕು, ಅದರಲ್ಲೂ ಕಾಡಿನ ಅಂಚಿನಲ್ಲಿ ನಿಂತು ಮಾತಾಡುವಾಗ. ಪತ್ರಿಕಾ ಕಾಗದದ ಖರ್ಚು ನಿಜವಾದ ಹೊರೆ. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ ಒಂದು ಕಾಲಕ್ಕೆ ನಮ್ಮದೇ ಪತ್ರಿಕಾ ಕಾಗದ ಕೊಡುತ್ತಿತ್ತು. ಅಲ್ಲಿ ಉತ್ಪಾದನೆ ನಿಂತು ವರ್ಷಗಳಾದವು. ದೇಶಕ್ಕೆ ಬೇಕಾದ ಕಾಗದದ ಬಹುಪಾಲು ಹೊರಗಿನಿಂದ ಬರುವುದರಿಂದ 2022ರಲ್ಲಿ ಬೆಲೆ ದಿಢೀರನೆ ಏರಿದಾಗ ಪತ್ರಿಕೆಗಳು ಪುಟ ಕಡಿಮೆ ಮಾಡಬೇಕಾಯಿತು. ಆದರೆ ಹಳೆಯ ಪೇಪರ್ ರದ್ದಿಗೆ ಹೋಗಿ ಮತ್ತೆ ಕಾಗದವಾಗುತ್ತದೆ, ನಮ್ಮ ಹಳ್ಳಿಗಳಲ್ಲಿ ಅದು ವ್ಯರ್ಥವಾಗುವುದು ಕಡಿಮೆ. ಮೊಬೈಲ್, ಟವರ್, ಸರ್ವರ್‌ಗಳಿಗೂ ಗಣಿ ಅಗೆಯಬೇಕು, ವಿದ್ಯುತ್ ಸುಡಬೇಕು. ಇ-ಪೇಪರ್ ಒಳ್ಳೆಯದೇ, ವಿದೇಶದಲ್ಲಿರುವ ಗುಂಡ್ಲುಪೇಟೆಯ ಮಗನಿಗೆ ಊರಿನ ಸುದ್ದಿ ತಲುಪುವುದು ಅದರಿಂದಲೇ. ಆದರೆ ಇ-ಪೇಪರ್ ಅಂದರೆ ಅಚ್ಚಿಗಾಗಿ ಮಾಡಿದ ಪುಟದ ಚಿತ್ರ. ಅಚ್ಚು ನಿಂತ ದಿನ ಆ ಪುಟ ಮಾಡುವ ಕಾರಣವೂ ನಿಲ್ಲುತ್ತದೆ. ಜೊತೆಗೆ, ಅಂತರ್ಜಾಲದಲ್ಲಿ ಇಟ್ಟದ್ದು ಅಲ್ಲೇ ಇರುತ್ತದೆ ಎಂಬ ನಂಬಿಕೆಯೂ ಗಟ್ಟಿಯಲ್ಲ. 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದೊಳಗೆ ಸಿಗದಂತಾಗಿವೆ ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಹೇಳಿತು.

ಯುವಜನ ಪೇಪರ್ ಓದುವುದಿಲ್ಲ, ಪರದೆಯೇ ಅವರ ಭಾಷೆ ಎನ್ನುವುದು ಅರ್ಧ ಸತ್ಯ. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 54 ಅಧ್ಯಯನಗಳನ್ನು, 1.7 ಲಕ್ಷಕ್ಕೂ ಹೆಚ್ಚು ಓದುಗರನ್ನು ಒಟ್ಟುಗೂಡಿಸಿ ನೋಡಿತು. ಮಾಹಿತಿ ಬರಹವನ್ನು ಕಾಗದದಲ್ಲಿ ಓದಿದವರಿಗೆ ಹೆಚ್ಚು ಅರ್ಥವಾಗಿತ್ತು, ಸಮಯದ ಒತ್ತಡವಿದ್ದಾಗ ಅಂತರ ಇನ್ನೂ ಹೆಚ್ಚಿತ್ತು. ಪರದೆಯೊಂದಿಗೇ ಬೆಳೆದವರಲ್ಲಿ ಈ ಅಂತರ ಕಡಿಮೆಯಾಗಬೇಕಿತ್ತು, ಆದರೆ ವರ್ಷ ಕಳೆದಂತೆ ಹೆಚ್ಚುತ್ತ ಬಂದಿತ್ತು. ಅಧ್ಯಯನ ಓದದಿದ್ದರೂ ಇದು ಗೊತ್ತಿರುವ ಯುವಕ ಯುವತಿಯರು ನಮ್ಮ ತಾಲ್ಲೂಕು ಗ್ರಂಥಾಲಯಗಳಲ್ಲೇ ಇದ್ದಾರೆ. ಪಿಎಸ್ಐ, ಎಫ್‌ಡಿಎ, ಕೆಎಎಸ್ ಪರೀಕ್ಷೆಗೆ ಕೂರುವವರು ಸಂಪಾದಕೀಯ ಪುಟಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಾರೆ. ಜೇಬಿನಲ್ಲಿ ಮೊಬೈಲ್ ಇದ್ದೂ ಅವರು ಪೇಪರ್‌ಗಾಗಿ ಸರದಿ ಕಾಯುತ್ತಾರೆ.

ಆದ್ದರಿಂದ ಪತ್ರಿಕೆ ಉಳಿಸುವ ಕೆಲಸವನ್ನು ಓದುಗರ ಭಾವನೆಗೆ ಬಿಟ್ಟು ಕೂರುವಂತಿಲ್ಲ. ಪತ್ರಿಕೆಗಳು ಮೊದಲು ತಮ್ಮ ತಾಲ್ಲೂಕು ವರದಿಗಾರನನ್ನು ಜಾಹೀರಾತಿನ ಗುರಿಯಿಂದ ಬಿಡಿಸಿ, ಬದುಕುವಷ್ಟು ಸಂಬಳ ಕೊಡಬೇಕು. ಮುಖಪುಟದ ಬಣ್ಣಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲು ಅದಕ್ಕೆ ಸಾಕು. ಮುಂಜಾನೆ ಬಸ್ ನಿಲ್ದಾಣದಲ್ಲಿ ಬಂಡಲ್ ಬಿಚ್ಚಿ ಪುರವಣಿ ಸೇರಿಸಿ ಮನೆ ಮನೆಗೆ ಹಾಕುವ ವಿತರಕರಿಗೆ ಮಳೆಗಾಲದಲ್ಲಿ ನಿಲ್ಲಲೊಂದು ಸೂರು ಬೇಕು. ಸರ್ಕಾರದ ಕೈಯಲ್ಲಿ ಇನ್ನೊಂದು ದಾರಿ ಸಿದ್ಧವಾಗಿಯೇ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಿ ಮಾಡುತ್ತವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಕಂಪ್ಯೂಟರ್ ಬಂದಿದೆ, ಮಕ್ಕಳಿಗೆ ಸದಸ್ಯತ್ವ ಉಚಿತ. ಅಲ್ಲಿಗೆ ದಿನಕ್ಕೆ ಮೂರು ಕನ್ನಡ ಪತ್ರಿಕೆ ತರಿಸಲು, ಪ್ರತಿಗೆ ಎಂಟು ರೂಪಾಯಿ ಹಿಡಿದರೂ, ವರ್ಷಕ್ಕೆ ಒಂಬತ್ತು ಸಾವಿರ ರೂಪಾಯಿ ದಾಟುವುದಿಲ್ಲ. ಅವುಗಳ ಜಿಲ್ಲಾ ಪುಟಗಳನ್ನು ರದ್ದಿಗೆ ಹಾಕುವ ಮೊದಲು ತಿಂಗಳವಾರು ಜೋಡಿಸಿ, ರಟ್ಟು ಹಾಕಿ ಹೊಲಿದು ಇಟ್ಟುಕೊಳ್ಳಲು ಇನ್ನೂ ಒಂದೆರಡು ಸಾವಿರ ಸಾಕು. ಪಂಚಾಯಿತಿಯ ವಾರ್ಷಿಕ ಕ್ರಿಯಾ ಯೋಜನೆಗೆ ಈ ಒಂದು ಸಾಲು ಸೇರಿಸಿ ಎಂದು ಮುಂದಿನ ಗ್ರಾಮಸಭೆಯಲ್ಲಿ ಯಾವ ಮತದಾರನಾದರೂ ಎದ್ದು ನಿಂತು ಕೇಳಬಹುದು.